ಎಪ್‌ಕಾಟ್ ಸೆಂಟರ್, ಎಪ್‌ಕಾಟ್ 95, ಬರೀ ಎಪ್‌ಕಾಟ್: ಒಂದೇ ಪಾರ್ಕಿಗೆ ಇಷ್ಟೊಂದು ಹೆಸರು ಯಾಕೆ?

ಪ್ರಶ್ನೆ: ನಾವು ಅಟ್ಲಾಂಟಾದಲ್ಲಿದ್ದೇವೆ. ಊರಿನಿಂದ ಬಂದಿದ್ದ ಅಪ್ಪ ಅಮ್ಮನನ್ನು ಫ್ಲೋರಿಡಾದ ಡಿಸ್ನಿ ವರ್ಲ್ಡ್‌ಗೆ ಕರೆದುಕೊಂಡು ಹೋಗಿದ್ದೆವು. ದೊಡ್ಡಪ್ಪ 1983ರಲ್ಲಿ ಅಮೆರಿಕದಿಂದ ತಂದ ಒಂದು ತಟ್ಟೆ ನಮ್ಮ ಮನೆಯಲ್ಲಿದೆ, ಅದರ ಮೇಲೆ 'ಎಪ್‌ಕಾಟ್ ಸೆಂಟರ್' ಎಂದಿದೆ. ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಟೋಪಿಯ ಮೇಲೆ 'ಎಪ್‌ಕಾಟ್ 95' ಎಂದಿದೆ. ಈಗಿನ ಬೋರ್ಡುಗಳಲ್ಲಿ ಬರೀ 'ಎಪ್‌ಕಾಟ್'. ಅಪ್ಪ ಮಾತ್ರ, ಅದು ಪಾರ್ಕಿನ ಹೆಸರೇ ಅಲ್ಲ, ಡಿಸ್ನಿ ಕಟ್ಟಬೇಕು ಅಂತಿದ್ದ ಊರಿನ ಹೆಸರು ಅನ್ನುತ್ತಾರೆ. ಯಾವುದು ಸರಿ? ಹೆಸರು ಇಷ್ಟು ಸಲ ಯಾಕೆ ಬದಲಾಯಿತು? ಇನ್ನೊಂದು ಸಲ ಹೋಗುವ ಯೋಚನೆ ಇದೆ, ಅದಕ್ಕೂ ಮುಂಚೆ ತಿಳಿದುಕೊಳ್ಳೋಣ ಅಂತ.

ಉತ್ತರ: ತಟ್ಟೆ, ಟೋಪಿ, ಬೋರ್ಡು ಮೂರೂ ಒಂದೇ ಜಾಗದ್ದು. ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಈಗ ನಾಲ್ಕು ದೊಡ್ಡ ಥೀಮ್ ಪಾರ್ಕುಗಳಿವೆ. ಅದರಲ್ಲಿ ಎರಡನೆಯದಾಗಿ, 1982ರ ಅಕ್ಟೋಬರ್ 1ರಂದು ಶುರುವಾದದ್ದು ಇದು. ನಿಮ್ಮ ತಂದೆಯವರು ಹೇಳಿದ್ದೂ ನೂರಕ್ಕೆ ನೂರು ಸರಿ. ಪಾರ್ಕು ಬರುವ ಹದಿನಾರು ವರ್ಷ ಮೊದಲೇ ಆ ಹೆಸರು ಇತ್ತು, ಅದು ಒಂದು ಊರಿನದ್ದು, ಆ ಊರನ್ನು ಯಾರೂ ಕಟ್ಟಲಿಲ್ಲ. ಇಷ್ಟು ಗೊತ್ತಾದರೆ ಮುಂದಿನದೆಲ್ಲ ಅರ್ಥವಾಗುತ್ತೆ. ಕಂಪನಿ ಜನರಿಗೆ ಒಂದು ಮಾತು ಕೊಟ್ಟಿತ್ತು, ಆ ಮಾತಿನ ಹೆಸರೇ ಎಪ್‌ಕಾಟ್. ಮಾತು ಉಳಿಸಿಕೊಳ್ಳುವುದು ಕಷ್ಟವಾದಾಗಲೆಲ್ಲ ಹೆಸರನ್ನು ಸ್ವಲ್ಪ ತಿದ್ದಿದ್ದಾರೆ.

ನಾನು ಓದಿದ್ದು ನಗರ ಯೋಜನೆ. ಈ ಪಾರ್ಕಿನ ಮೇಲೆ ಪ್ರೀತಿ ಬಂದದ್ದೂ ಆ ದಾರಿಯಿಂದಲೇ. ಹಾಗಾಗಿ ಊರಿನ ಕಥೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

1960ರ ದಶಕದ ಮಧ್ಯದಲ್ಲಿ ಡಿಸ್ನಿ ಕಂಪನಿ ಒರ್ಲಾಂಡೊ ಹತ್ತಿರ ಬೇರೆ ಬೇರೆ ಹೆಸರಿನ ಕಂಪನಿಗಳ ಮೂಲಕ ಗುಟ್ಟಾಗಿ ಜಮೀನು ಕೊಂಡಿತು. ಎಲ್ಲ ಸೇರಿ ಸುಮಾರು 27,000 ಎಕರೆ, ಬಹುಪಾಲು ಜೌಗು ನೆಲ. ಬರೀ ಒಂದು ಮೋಜಿನ ಪಾರ್ಕಿಗೆ ಅಷ್ಟು ನೆಲ ಬೇಕೇ ಬೇಡ. ವಾಲ್ಟ್ ಡಿಸ್ನಿಗೆ ಆಗ ಪಾರ್ಕಿಗಿಂತ ಊರಿನ ಹುಚ್ಚು ಹತ್ತಿತ್ತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಸುತ್ತ ಮೋಟೆಲು, ಬೋರ್ಡು, ಟ್ರಾಫಿಕ್ಕು ಬೆಳೆದು ಗಲೀಜಾದದ್ದನ್ನು ಕಣ್ಣಾರೆ ಕಂಡಿದ್ದರು. ಉದ್ಯಾನ ನಗರದ ಕಲ್ಪನೆ ಕೊಟ್ಟ ಎಬೆನೆಝರ್ ಹೋವರ್ಡ್, ಶಾಪಿಂಗ್ ಮಾಲುಗಳ ಜನಕ ವಿಕ್ಟರ್ ಗ್ರೂಯನ್ ಇವರ ಯೋಚನೆಗಳನ್ನು ಓದಿಕೊಂಡಿದ್ದರು. ಅದರಿಂದ ಹುಟ್ಟಿದ್ದು 'ಎಕ್ಸ್‌ಪೆರಿಮೆಂಟಲ್ ಪ್ರೊಟೊಟೈಪ್ ಕಮ್ಯುನಿಟಿ ಆಫ್ ಟುಮಾರೊ'. ನಾಳೆಯ ಬದುಕು ಹೇಗಿರಬಹುದು ಎಂದು ನಿಜವಾದ ಜನರನ್ನು ಇಟ್ಟುಕೊಂಡು ಪ್ರಯೋಗ ಮಾಡಿ ನೋಡುವ ಒಂದು ಮಾದರಿ ಊರು. ಇಂಗ್ಲಿಷಿನ ಮೊದಲಕ್ಷರಗಳನ್ನು ಜೋಡಿಸಿದರೆ ಎಪ್‌ಕಾಟ್.

ಆ ನಕ್ಷೆ ಇವತ್ತಿಗೂ ನೋಡುವ ಹಾಗಿದೆ. ಊರು ಚಕ್ರದ ಆಕಾರದಲ್ಲಿತ್ತು. ನಡುವೆ 50 ಎಕರೆಯ ಪೇಟೆ, ಅಷ್ಟಕ್ಕೂ ಸೂರು, ಒಳಗೆ ಮಳೆ ಬಿಸಿಲು ಎರಡೂ ಇಲ್ಲ. ಅದರ ಮಧ್ಯೆ 30 ಮಹಡಿಯ ಹೋಟೆಲು. ಸುತ್ತ ಅಪಾರ್ಟ್‌ಮೆಂಟುಗಳು, ಆಮೇಲೆ ಹಸಿರು ಪಟ್ಟಿ, ಅದರಾಚೆ ಮನೆಗಳು. ಊರೊಳಗೆ ಓಡಾಡಲು ಎಲೆಕ್ಟ್ರಿಕ್ ಪೀಪಲ್‌ಮೂವರ್, ಅಂದರೆ ನಿಲ್ಲದೆ ಮೆಲ್ಲಗೆ ಸಾಗುವ ಪುಟ್ಟ ಗಾಡಿಗಳ ಸಾಲು, ದೂರಕ್ಕೆ ಮಾನೊರೈಲು. ಕಾರು, ಲಾರಿಗಳೆಲ್ಲ ನೆಲದಡಿಯ ರಸ್ತೆಯಲ್ಲಿ. 20,000 ಜನ ಇರಬೇಕು ಎಂಬ ಲೆಕ್ಕ. 1966ರ ಅಕ್ಟೋಬರ್ 27ರಂದು ವಾಲ್ಟ್ ಕ್ಯಾಮೆರಾ ಮುಂದೆ ನಿಂತು ಇದನ್ನೆಲ್ಲ ವಿವರಿಸಿದರು. ಈ ಊರು ಯಾವತ್ತೂ ಪೂರ್ತಿಯಾಗುವುದಿಲ್ಲ, ಹೊಸ ವಸ್ತು, ಹೊಸ ವ್ಯವಸ್ಥೆಗಳನ್ನು ತಂದು ಪರೀಕ್ಷಿಸುತ್ತಲೇ ಇರುತ್ತೆ ಎಂದರು. ಅದಾಗಿ ಎರಡು ತಿಂಗಳೂ ತುಂಬಲಿಲ್ಲ. ಶ್ವಾಸಕೋಶದ ಕ್ಯಾನ್ಸರ್‌ನಿಂದ ಡಿಸೆಂಬರ್ 15ಕ್ಕೆ ತೀರಿಕೊಂಡರು.

ಆ ಯೋಜನೆಯಲ್ಲಿ ಒಂದು ದೊಡ್ಡ ತೊಡಕಿತ್ತು. ಅಲ್ಲಿ ಯಾರಿಗೂ ಸ್ವಂತ ಮನೆ ಇಲ್ಲ, ಎಲ್ಲರೂ ಬಾಡಿಗೆಯವರು. ಕೆಲಸ ಇಲ್ಲದವರು, ನಿವೃತ್ತರು ಇರುವ ಹಾಗಿಲ್ಲ. ಊರಿನ ವಿಷಯದಲ್ಲಿ ಮತ ಹಾಕುವ ಅಧಿಕಾರವೂ ಜನರ ಕೈಯಲ್ಲಿಲ್ಲ, ಯಾಕಂದರೆ ಮತ ಕೊಟ್ಟರೆ ಪ್ರಯೋಗ ನಿಂತುಹೋಗುತ್ತೆ. ಅಡುಗೆಮನೆಯ ಒಲೆಯನ್ನು ಕಂಪನಿ ಬಂದು ಬದಲಾಯಿಸುತ್ತೆ ಅಂದರೆ ಯಾರಾದರೂ ಎಷ್ಟು ದಿನ ಸುಮ್ಮನಿರುತ್ತಾರೆ ಹೇಳಿ? ವಾಲ್ಟ್ ಬದುಕಿದ್ದರೆ ಈ ಊರು ಆಗುತ್ತಿತ್ತು ಅನ್ನುವ ಅಭಿಮಾನಿಗಳು ಬೇಕಾದಷ್ಟು ಜನ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಜನ ಇರುವ ಊರಿಗೆ ಒಬ್ಬನೇ ಯಜಮಾನ ಇರುವುದು ಬಹಳ ಕಾಲ ನಡೆಯುವ ಮಾತಲ್ಲ. ಹಾಗಂತ ಕಾರುಗಳನ್ನು ನೆಲದಡಿಗೆ ಕಳಿಸಿ ಮೇಲಿನ ನೆಲವನ್ನು ನಡೆಯುವವರಿಗೆ ಬಿಡುವ ಯೋಚನೆ ಇದೆಯಲ್ಲ, ಅದರ ಮುಂದೆ ನಾನು ಈಗಲೂ ತಲೆಬಾಗುತ್ತೇನೆ.

ವಾಲ್ಟ್ ಹೋದರು, ಹೆಸರು ಮಾತ್ರ ಹೋಗಲಿಲ್ಲ. ಅದಕ್ಕೆ ಬರೀ ಭಾವುಕ ಕಾರಣ ಅಲ್ಲ, ಕಾನೂನಿನ ಕಾರಣವೂ ಇತ್ತು. 1967ರಲ್ಲಿ ಫ್ಲೋರಿಡಾ ಸರ್ಕಾರ ಡಿಸ್ನಿಗಾಗಿ 'ರೀಡಿ ಕ್ರೀಕ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್' ಎಂಬ ವಿಶೇಷ ಆಡಳಿತ ಪ್ರದೇಶವನ್ನೇ ಮಾಡಿಕೊಟ್ಟಿತು. ರಸ್ತೆ, ನೀರು, ಚರಂಡಿ, ಅಗ್ನಿಶಾಮಕ, ಕಟ್ಟಡ ಪರವಾನಗಿ ಎಲ್ಲ ಅದರ ಕೈಗೆ. ಇಷ್ಟೊಂದು ಅಧಿಕಾರ ಕೇಳಲು ತೋರಿಸಿದ ದೊಡ್ಡ ಕಾರಣವೇ ಈ ಊರು. ವಾಲ್ಟ್ ಮಾತಾಡಿದ ಆ ಫಿಲ್ಮನ್ನು 1967ರ ಫೆಬ್ರವರಿಯಲ್ಲಿ ಶಾಸಕರಿಗೆ, ಪತ್ರಕರ್ತರಿಗೆ ತೋರಿಸಿದ್ದರು. ಅಂದ ಮೇಲೆ 'ಎಪ್‌ಕಾಟ್ ಇಲ್ಲ, ಬಿಟ್ಟುಬಿಡಿ' ಎನ್ನುವ ಹಾಗಿರಲಿಲ್ಲ. ಅಲ್ಲಿನ ಕಟ್ಟಡ ನಿಯಮಾವಳಿಯ ಹೆಸರೂ 'ಎಪ್‌ಕಾಟ್ ಬಿಲ್ಡಿಂಗ್ ಕೋಡ್'! ಊರಿಲ್ಲ, ಪಾರ್ಕೂ ಬಂದಿಲ್ಲ, ಅಷ್ಟರಲ್ಲೇ ಹೆಸರು ಕಾನೂನಿನ ಪುಸ್ತಕದಲ್ಲಿ ಕೂತಿತ್ತು. ಆ ಆಡಳಿತ ಪ್ರದೇಶವನ್ನು 2023ರಲ್ಲಿ ರಾಜ್ಯ ಸರ್ಕಾರ ತನ್ನ ಹಿಡಿತಕ್ಕೆ ತಂದುಕೊಂಡು ಬೇರೆ ಹೆಸರಿಟ್ಟಿತು, ಅದು ಬೇರೆಯದೇ ರಾಜಕೀಯ ಕಥೆ.

ಮೊದಲು ಕಟ್ಟಿದ್ದು ಮ್ಯಾಜಿಕ್ ಕಿಂಗ್‌ಡಮ್, 1971ರಲ್ಲಿ. ಆಗ ಅಣ್ಣ ರಾಯ್ ಡಿಸ್ನಿ ನಿವೃತ್ತಿಯನ್ನೂ ಮುಂದೂಡಿ ನಿಂತು ಕೆಲಸ ಮುಗಿಸಿದರು. 'ಡಿಸ್ನಿ ವರ್ಲ್ಡ್' ಎಂದಿದ್ದ ಹೆಸರಿಗೆ 'ವಾಲ್ಟ್' ಎಂದು ಸೇರಿಸಬೇಕೆಂದು ಹಟ ಹಿಡಿದವರೂ ಅವರೇ. ಕಂಪನಿಯ ಹೆಸರು ಬೇಡ, ಇದು ನನ್ನ ತಮ್ಮನ ಕನಸು ಎಂದು ಜನಕ್ಕೆ ಗೊತ್ತಿರಲಿ ಎಂಬ ಆಸೆ. ಪಾರ್ಕು ತೆರೆದು ಮೂರು ತಿಂಗಳೊಳಗೆ ರಾಯ್ ಕೂಡ ತೀರಿಕೊಂಡರು.

ಆಮೇಲೆ ಬಂದವರ ಮುಂದೆ ಕಷ್ಟದ ಪ್ರಶ್ನೆ ಇತ್ತು. ಊರು ಕಟ್ಟುವ ಧೈರ್ಯ ಇಲ್ಲ, ಕೈಬಿಡುವ ಹಾಗೂ ಇಲ್ಲ. ಕಾರ್ಡ್ ವಾಕರ್ ಕಂಪನಿಯ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಒಂದು ನಡುದಾರಿ ಹುಡುಕಿದರು: ಜನ ವಾಸ ಮಾಡುವುದು ಬೇಡ, ಜನ ಬಂದು ನೋಡಿ ಹೋಗಲಿ. ಒಂದು ಕಡೆ ತಂತ್ರಜ್ಞಾನ ಮತ್ತು ನಾಳೆಯ ಜಗತ್ತು, ಇನ್ನೊಂದು ಕಡೆ ಬೇರೆ ಬೇರೆ ದೇಶಗಳ ಪ್ರದರ್ಶನ. ಇವು ಮೊದಲು ಎರಡು ಬೇರೆ ಯೋಜನೆಗಳು. ಡಿಸ್ನಿಯ ವಿನ್ಯಾಸಕರಾದ ಮಾರ್ಟಿ ಸ್ಕ್ಲಾರ್ ಮತ್ತು ಜಾನ್ ಹೆಂಚ್ ಎರಡರ ಮಾದರಿಗಳನ್ನೂ ಮೇಜಿನ ಮೇಲೆ ತಳ್ಳಿ ಒಂದಕ್ಕೊಂದು ಅಂಟಿಸಿಬಿಟ್ಟರಂತೆ. ಪಾರ್ಕಿನ ಮ್ಯಾಪ್ ನೋಡಿದರೆ ಆ ಜೋಡಣೆ ಈಗಲೂ ಕಾಣುತ್ತೆ. ಮುಂದೆ ಒಂದು ಪಾರ್ಕು, ಹಿಂದೆ ಕೆರೆಯ ಸುತ್ತ ಇನ್ನೊಂದು, ನಡುವೆ ಸಂಬಂಧ ಅಷ್ಟಕ್ಕಷ್ಟೇ.

ಇದಕ್ಕೆ ಇಟ್ಟ ಹೆಸರೇ ನಿಮ್ಮ ತಟ್ಟೆಯ ಮೇಲಿರುವ 'ಎಪ್‌ಕಾಟ್ ಸೆಂಟರ್'. ಆ 'ಸೆಂಟರ್' ಸುಮ್ನೆ ಸೇರಿಸಿದ್ದಲ್ಲ. ಎಪ್‌ಕಾಟ್ ಅನ್ನುವುದು ಒಂದು ದೊಡ್ಡ ಕಲ್ಪನೆ, ವಾಲ್ಟ್ ಡಿಸ್ನಿ ವರ್ಲ್ಡ್ ಇಡಿಯಾಗಿ ಆ ಕಲ್ಪನೆಯ ಜಾಗ, ಈ ಪಾರ್ಕು ಅದರ ಕೇಂದ್ರ ಮಾತ್ರ ಎಂಬ ಅರ್ಥ ಬರುವ ಹಾಗೆ ಇಟ್ಟದ್ದು. 1982ರ ಅಕ್ಟೋಬರ್ 24ರ ಸಮರ್ಪಣಾ ಫಲಕದಲ್ಲಿ ಎರಡು ಹೆಸರುಗಳೂ ಇವೆ. ವಾಲ್ಟ್ ಡಿಸ್ನಿಯ ಪ್ರತಿಭೆಯಿಂದ ಪ್ರೇರಣೆ ಪಡೆದದ್ದು ಎಪ್‌ಕಾಟ್. ರಂಜಿಸಲಿ, ತಿಳಿಸಲಿ, ಹುರುಪು ತುಂಬಲಿ ಎಂದು ಹಾರೈಸುವುದು ಎಪ್‌ಕಾಟ್ ಸೆಂಟರ್‌ಗೆ. ಪ್ರಾಮಾಣಿಕವಾದ ಹೆಸರು ಅದು. ಇದೇ ಆ ಊರು ಎಂದು ಸುಳ್ಳು ಹೇಳಲಿಲ್ಲ, ಊರನ್ನು ಮರೆತೆವು ಎಂದೂ ಹೇಳಲಿಲ್ಲ. ಇದುವರೆಗೆ ಇಟ್ಟ ಹೆಸರುಗಳಲ್ಲಿ ನನಗೆ ಇಷ್ಟವಾದದ್ದು ಇದೊಂದೇ.

ನಿಮ್ಮ ದೊಡ್ಡಪ್ಪ ನೋಡಿದ್ದು ಆ ಪಾರ್ಕನ್ನು. ಹೊಸದರಲ್ಲಿ ಅಲ್ಲಿ ಮಿಕ್ಕಿ ಮೌಸ್ ಇರಲಿಲ್ಲ ಅಂದರೆ ನಂಬುತ್ತೀರಾ? ಬೇಕು ಅಂತಲೇ ದೂರ ಇಟ್ಟಿದ್ದರು. ಬಾಗಿಲಲ್ಲೇ 'ಸ್ಪೇಸ್‌ಶಿಪ್ ಅರ್ತ್' ಎಂಬ ಬೆಳ್ಳಿ ಬಣ್ಣದ ಗೋಳ, 180 ಅಡಿ ಎತ್ತರ, ಮೈಮೇಲೆ ಹನ್ನೊಂದು ಸಾವಿರಕ್ಕೂ ಜಾಸ್ತಿ ತ್ರಿಕೋನ ಮುಖಗಳು. ಒಳಗೆ ಗುಹೆಯ ಚಿತ್ರಗಳಿಂದ ಹಿಡಿದು ಉಪಗ್ರಹದವರೆಗೆ ಮನುಷ್ಯ ಮಾತು ಮುಟ್ಟಿಸಿದ ಕಥೆ. ಅದರ ಕಥೆ ಹೆಣೆಯಲು ಕೈಜೋಡಿಸಿದ್ದು ವಿಜ್ಞಾನ ಕಥೆಗಾರ ರೇ ಬ್ರಾಡ್‌ಬರಿ. ಶಕ್ತಿಯ ಮೂಲಗಳಿಗೆ ಒಂದು ಪೆವಿಲಿಯನ್ (ಪ್ರದರ್ಶನದ ಕಟ್ಟಡ), ಅದರ ಛಾವಣಿ ಮೇಲೆ ಆ ಕಾಲಕ್ಕೇ ಸೌರಫಲಕಗಳು. ಸಾರಿಗೆಗೆ ಒಂದು, ಕಲ್ಪನೆಗೆ ಒಂದು. ಕೃಷಿಗೆ 'ದಿ ಲ್ಯಾಂಡ್', ಅಲ್ಲಿ ದೋಣಿಯಲ್ಲಿ ಕೂತು ನಿಜವಾದ ಗ್ರೀನ್‌ಹೌಸುಗಳ ಒಳಗೆ ಹೋಗುತ್ತೀರಿ, ಮಣ್ಣಿಲ್ಲದೆ ಬೆಳೆದ ತರಕಾರಿ ನೋಡುತ್ತೀರಿ, ಅದೇ ತರಕಾರಿ ಪಾರ್ಕಿನ ಹೋಟೆಲಿನ ಅಡುಗೆಗೆ ಹೋಗುತ್ತೆ. ಅದು ಈಗಲೂ ಇದೆ, ತಪ್ಪಿಸಬೇಡಿ. ಮುಂದಿನ ವರ್ಷ ನಾಳೆಯ ಬದುಕು ತೋರಿಸುವ 'ಹರೈಜನ್ಸ್' ಪೆವಿಲಿಯನ್ ಬಂತು. ಕನಸು ಕಾಣಬಲ್ಲೆ ಅಂದರೆ ಸಾಧಿಸಲೂ ಬಲ್ಲೆ ಎಂಬ ಮಾತನ್ನು ವಾಲ್ಟ್ ಡಿಸ್ನಿ ಹೇಳಿದ್ದು ಎಂದು ನಮ್ಮಲ್ಲೂ ಶಾಲೆ ಗೋಡೆಗಳ ಮೇಲೆ ಬರೆಯುತ್ತಾರಲ್ಲ, ಅದು ವಾಲ್ಟ್ ಮಾತಲ್ಲ. ಹರೈಜನ್ಸ್‌ಗಾಗಿ ಡಿಸ್ನಿಯ ವಿನ್ಯಾಸಕರೊಬ್ಬರು ಬರೆದ ಸಾಲು.

ಹಿಂದಿನ ಅರ್ಧ, ಅಂದರೆ ವರ್ಲ್ಡ್ ಶೋಕೇಸ್, ಒಂಬತ್ತು ದೇಶಗಳಿಂದ ಶುರುವಾಯಿತು. 1984ರಲ್ಲಿ ಮೊರಾಕೊ, 1988ರಲ್ಲಿ ನಾರ್ವೆ ಸೇರಿ ಹನ್ನೊಂದಾಯಿತು. ಆಮೇಲೆ ಒಂದೂ ಸೇರಿಲ್ಲ. ಭಾರತದ ಪೆವಿಲಿಯನ್ ಇಲ್ಲ, ನಮ್ಮವರೆಲ್ಲ ಕೆರೆ ಸುತ್ತು ಹಾಕಿ ಮುಗಿಸಿ ಕೇಳುವ ಮೊದಲ ಪ್ರಶ್ನೆಯೇ ಅದು. ಅಲ್ಲಿ ಪೆವಿಲಿಯನ್ ಆಗಬೇಕಾದರೆ ಯಾರಾದರೂ ದುಡ್ಡು ಹಾಕಬೇಕಿತ್ತು. ಮೊರಾಕೊಗೆ ಆ ದೇಶದ ಸರ್ಕಾರವೇ ನಿಂತು, ಮೊಸಾಯಿಕ್ ಕೆಲಸಕ್ಕೆ ಅಲ್ಲಿನ ಕುಶಲಕರ್ಮಿಗಳನ್ನು ಕಳಿಸಿತ್ತು.

ದುಡ್ಡಿನ ಮಾತು ಬಂತಲ್ಲ, ಹೆಸರು ಬದಲಾದ ಗುಟ್ಟು ಇಲ್ಲೇ ಇದೆ. ಮುಂದಿನ ಅರ್ಧದ 'ಫ್ಯೂಚರ್ ವರ್ಲ್ಡ್' ನಡೆದದ್ದು ದೊಡ್ಡ ಕಂಪನಿಗಳ ಪ್ರಾಯೋಜನೆಯಿಂದ. ಶಕ್ತಿಗೆ ಎಕ್ಸಾನ್, ಸಾರಿಗೆಗೆ ಜನರಲ್ ಮೋಟರ್ಸ್, ಕೃಷಿಗೆ ಕ್ರಾಫ್ಟ್, ಕಲ್ಪನೆಗೆ ಕೊಡಾಕ್, ಹರೈಜನ್ಸ್‌ಗೆ ಜನರಲ್ ಎಲೆಕ್ಟ್ರಿಕ್, ಗೋಳಕ್ಕೆ ಬೆಲ್ ಟೆಲಿಫೋನ್ ಕಂಪನಿ. ಭವಿಷ್ಯ ತೋರಿಸುವ ಪಾರ್ಕಿಗೆ ಒಂದು ಶಾಪ ಇದೆ: ತೋರಿಸಿದ ಭವಿಷ್ಯ ಹತ್ತು ವರ್ಷದಲ್ಲಿ ಹಳತಾಗುತ್ತೆ. 1982ರಲ್ಲಿ ಟಚ್ ಸ್ಕ್ರೀನ್ ಮುಟ್ಟಲು ಜನ ಸಾಲು ನಿಂತಿದ್ದರು, 1992ರ ಹೊತ್ತಿಗೆ ಮನೆಯಲ್ಲೇ ಕಂಪ್ಯೂಟರ್ ಇತ್ತು. ಮತ್ತೆ ಮತ್ತೆ ಹೊಸದು ಮಾಡಲು ಕೋಟಿಗಟ್ಟಲೆ ಡಾಲರ್ ಬೇಕು. ಒಪ್ಪಂದ ಮುಗಿದ ಕಂಪನಿಗಳು ಒಂದೊಂದಾಗಿ ಎದ್ದು ಹೋಗತೊಡಗಿದವು. ಜನರಲ್ ಎಲೆಕ್ಟ್ರಿಕ್ 1993ರಲ್ಲಿ ಬಿಟ್ಟಿತು. ಬೇರೆ ಯಾರೂ ಬರಲಿಲ್ಲ. ಹರೈಜನ್ಸ್ 1999ರಲ್ಲಿ ಪೂರ್ತಿ ಮುಚ್ಚಿತು, ಆಮೇಲೆ ಕಟ್ಟಡವನ್ನೇ ಕೆಡವಿದರು. ಇವತ್ತಿಗೂ ಅದರ ಹೆಸರು ಹೇಳಿದರೆ ಕಣ್ಣೀರು ಹಾಕುವ ಜನ ಇದ್ದಾರೆ, ಅವರ ಸಂಕಟ ನನಗೆ ಅರ್ಥವಾಗುತ್ತೆ.

ಈ ಹಿನ್ನೆಲೆಯಲ್ಲಿ 1994ರಲ್ಲಿ 'ಸೆಂಟರ್' ಹೋಯಿತು, 'ಎಪ್‌ಕಾಟ್ 94' ಬಂತು. ಮರುವರ್ಷ ನಿಮ್ಮ ಟೋಪಿಯ 'ಎಪ್‌ಕಾಟ್ 95'. ವರ್ಷಕ್ಕೊಂದು ಹೆಸರಿಟ್ಟರೆ ವಿಶ್ವ ಮೇಳದ ಹಾಗೆ ಪ್ರತಿ ವರ್ಷ ಏನೋ ಹೊಸದಿದೆ ಅನ್ನಿಸುತ್ತೆ ಎಂಬ ಲೆಕ್ಕಾಚಾರ. ಬೇಗನೆ ಕೈಬಿಟ್ಟರು, 1996ರಿಂದ ಬರೀ 'ಎಪ್‌ಕಾಟ್'. ಯಾಕೆ ಕೈಬಿಟ್ಟರು ಎಂದು ಊಹಿಸುವುದು ಕಷ್ಟವಲ್ಲ: ವರ್ಷ ಬದಲಾದರೆ ಬೋರ್ಡು, ಬ್ರೋಷರು, ಟೋಪಿ ಎಲ್ಲ ಬದಲಾಗಬೇಕು, ಅಷ್ಟು ಮಾಡಿದ ಮೇಲೆ ಒಳಗೆ ನಿಜವಾಗಲೂ ಹೊಸದು ಇರಬೇಕು. ನಿಮ್ಮ ಟೋಪಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಆ ಹೆಸರಿನ ಆಯಸ್ಸು ಒಂದೇ ವರ್ಷ.

ಅದೇ 1994ರಲ್ಲಿ ಇನ್ನೊಂದು ಬದಲಾವಣೆ ಆಯಿತು. ಕನ್ನಡದಲ್ಲಿ ಬರೆದರೆ ಅದು ಕಾಣುವುದೇ ಇಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. 1982ರಲ್ಲಿ ಹೆಸರಿನ ಐದೂ ಅಕ್ಷರ ಕ್ಯಾಪಿಟಲ್ ಲೆಟರ್. 1994ರಿಂದ ಮೊದಲ ಅಕ್ಷರ ಮಾತ್ರ ಕ್ಯಾಪಿಟಲ್, ಉಳಿದದ್ದು ಸಣ್ಣಕ್ಷರ. ಚಿಕ್ಕ ವಿಷಯ ಅನ್ನಿಸಬಹುದು. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಇದೇ. ಐದೂ ಕ್ಯಾಪಿಟಲ್ ಇದ್ದರೆ, ಇದು ಯಾವುದೋ ಮಾತುಗಳ ಮೊದಲಕ್ಷರ, ಅದೇನು ಅಂತ ನೋಡುವವರು ಕೇಳುತ್ತಾರೆ. ಕೇಳಿದರೆ ಊರಿನ ಕಥೆ ಹೇಳಬೇಕಾಗುತ್ತೆ. ಸಣ್ಣಕ್ಷರ ಆದ ಕೂಡಲೇ ಅದು ಬರೀ ಒಂದು ಹೆಸರು, ರಾಡಾರ್, ಲೇಸರ್ ಪದಗಳ ಹಾಗೆ. ಅವೂ ಒಂದು ಕಾಲದಲ್ಲಿ ಮೊದಲಕ್ಷರಗಳೇ, ಈಗ ಯಾರೂ ಬಿಡಿಸಿ ನೋಡುವುದಿಲ್ಲ ಅಲ್ವಾ? ಊರಿನ ನೆನಪು ಹೆಸರಿನಿಂದ ಜಾರಿಹೋದದ್ದು ಆಗ. ಅದಾಗಿ ಎರಡೇ ವರ್ಷಕ್ಕೆ, 1996ರಲ್ಲಿ, ಡಿಸ್ನಿ ನಿಜವಾಗಲೂ ಒಂದು ಊರು ಕಟ್ಟಿತು, ಅದೇ ನೆಲದ ದಕ್ಷಿಣಕ್ಕೆ. ಮನೆ, ಶಾಲೆ, ಪೋಸ್ಟ್ ಆಫೀಸು ಎಲ್ಲ ಇರುವ ಊರು. ಅದಕ್ಕೆ ಇಟ್ಟ ಹೆಸರು 'ಸೆಲೆಬ್ರೇಶನ್'. ವರಾಂಡ, ಕಾಲುದಾರಿ, ಹಳೇ ಕಾಲದ ಅಮೆರಿಕದ ಚೆಂದ, ಪ್ರಯೋಗದ ಗಂಧ ಕಡಿಮೆ. ಎಪ್‌ಕಾಟ್ ಎಂಬ ಹೆಸರು ಅದಕ್ಕೆ ಇಡುವ ಹಾಗೇ ಇರಲಿಲ್ಲ, ಅಷ್ಟರಲ್ಲಿ ಅದು ಪಾರ್ಕಿನ ಸ್ವತ್ತಾಗಿತ್ತು.

1999ರ ಕೊನೆಗೆ ಹೊಸ ಸಹಸ್ರಮಾನದ ಸಂಭ್ರಮಕ್ಕೆ ಗೋಳದ ಪಕ್ಕ ಮಿಕ್ಕಿಯ ದೊಡ್ಡ ಕೈ, ಕೈಯಲ್ಲಿ ಮಂತ್ರದಂಡ, ಮೇಲೆ '2000' ಎಂಬ ಅಂಕಿ ನಿಲ್ಲಿಸಿದರು. ಹಬ್ಬ ಮುಗಿದ ಮೇಲೂ ತೆಗೆಯಲಿಲ್ಲ, ಅಂಕಿ ಬದಲಿಸಿ 'ಎಪ್‌ಕಾಟ್' ಎಂದು ಬರೆದರು. ಮಿಕ್ಕಿಯನ್ನು ಒಳಗೇ ಬಿಡದ ಪಾರ್ಕಿನ ಹೆಸರನ್ನು ಮಿಕ್ಕಿಯ ಕೈಯೇ ಎತ್ತಿ ಹಿಡಿದಿತ್ತು. 2007ರಲ್ಲಿ, ಪಾರ್ಕಿಗೆ 25 ತುಂಬುವ ಹೊತ್ತಿಗೆ, ಅದನ್ನು ಇಳಿಸಿದರು. ಗೋಳ ಮತ್ತೆ ಒಂಟಿಯಾಗಿ ನಿಂತದ್ದು ನನಗಂತೂ ಬಹಳ ಸಂತೋಷದ ಸುದ್ದಿ.

ಹೆಸರು ಅಲ್ಲಿಗೆ ಒಂದು ಹಂತಕ್ಕೆ ನಿಂತಿತು, ಒಳಗಿನದು ನಿಲ್ಲಲಿಲ್ಲ. ಪ್ರಾಯೋಜಕರು ಹೋದ ಜಾಗಕ್ಕೆ ಡಿಸ್ನಿಯ ಸ್ವಂತ ಸಿನಿಮಾಗಳು ಬಂದವು. ಇದು ಸಹಜವೇ. ಕಂಪನಿ ತನ್ನ ದುಡ್ಡಿನಲ್ಲೇ ರೈಡ್ ಕಟ್ಟಬೇಕು ಅಂದರೆ ಗೊಂಬೆ ಮಾರಾಟವಾಗುವ ಕಥೆಗೇ ಕಟ್ಟುತ್ತೆ. ಸಮುದ್ರದ ಪೆವಿಲಿಯನ್‌ಗೆ ನೀಮೊ ಮೀನು ಬಂತು. ನಾರ್ವೆಯ ವೈಕಿಂಗ್ ದೋಣಿ ಸವಾರಿಯನ್ನು 2014ರಲ್ಲಿ ಮುಚ್ಚಿ, 2016ರಲ್ಲಿ ಅದೇ ಜಾಗದಲ್ಲಿ 'ಫ್ರೋಜನ್' ಸಿನಿಮಾದ ಸವಾರಿ ತಂದರು. ನನಗೆ ನಿಜವಾಗಿ ನೋವಾದದ್ದು ಇಲ್ಲಿ. ನೀಮೊ ಸಮುದ್ರದ ಕಥೆ, ಸಮುದ್ರದ ಪೆವಿಲಿಯನ್‌ನಲ್ಲಿ ಇದ್ದರೆ ತಪ್ಪೇನಿಲ್ಲ. 'ಫ್ರೋಜನ್' ಸಿನಿಮಾದ ರಾಣಿ ಎಲ್ಸಾಳ ಅರೆಂಡೆಲ್ ಎಲ್ಲಿಯೂ ಇಲ್ಲದ ರಾಜ್ಯ, ಅದು ನಿಜವಾದ ದೇಶಗಳ ಸಾಲಿನಲ್ಲಿ ಬಂದು ಕೂತಿತು. ನಾರ್ವೆ ಬಗ್ಗೆ ಒಂದು ಮಗುವಿಗೆ ಏನಾದರೂ ತಿಳಿಯುವ ಅವಕಾಶ ಅಷ್ಟರಮಟ್ಟಿಗೆ ಕಡಿಮೆಯಾಯಿತು. ಮಕ್ಕಳು ಖುಷಿಪಡುತ್ತಾರೆ, ಸಾಲು ಉದ್ದ ಇದೆ, ಅದೂ ನಿಜ. 2022ರಲ್ಲಿ ಶಕ್ತಿಯ ಪೆವಿಲಿಯನ್ ಇದ್ದ ಜಾಗದಲ್ಲಿ 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ' ರೋಲರ್ ಕೋಸ್ಟರ್ ಬಂತು. ಬೇರೆ ಗ್ರಹದವರ ಪೆವಿಲಿಯನ್ ಎಂದು ಅದಕ್ಕೆ ಕಥೆ ಕಟ್ಟಿದ್ದಾರೆ. ರೈಡ್ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ.

2019ರಲ್ಲಿ ಡಿಸ್ನಿ ಇಡೀ ಪಾರ್ಕನ್ನು ಹೊಸದಾಗಿ ಮಾಡುವುದಾಗಿ ಘೋಷಿಸಿತು. ಅದರ ಸುತ್ತಮುತ್ತ ಹೆಸರು ಮತ್ತೆ ಐದೂ ಕ್ಯಾಪಿಟಲ್ ಲೆಟರ್‌ಗೆ ಮರಳಿತು. ಬಾಗಿಲ ಕಾರಂಜಿಯನ್ನು 1982ರ ಹಾಗೇ ಕಾಣುವಂತೆ ಮಾಡಿ, ಐದು ಉಂಗುರ ಹೆಣೆದ ಹಳೇ ಲೋಗೋವನ್ನು ಅಲ್ಲಿ ನಿಲ್ಲಿಸಿದರು. 2021ರ ಅಕ್ಟೋಬರ್‌ನಲ್ಲಿ 'ಫ್ಯೂಚರ್ ವರ್ಲ್ಡ್' ಎಂಬ ಹೆಸರನ್ನು ತೆಗೆದುಹಾಕಿ ಆ ಅರ್ಧವನ್ನು ಮೂರು ಭಾಗ ಮಾಡಿದರು: ವರ್ಲ್ಡ್ ಸೆಲೆಬ್ರೇಶನ್, ವರ್ಲ್ಡ್ ನೇಚರ್, ವರ್ಲ್ಡ್ ಡಿಸ್ಕವರಿ. ಹಿಂದಿನ ವರ್ಲ್ಡ್ ಶೋಕೇಸ್ ಹಾಗೇ ಉಳಿಯಿತು. ಗಮನಿಸಿ, ಹೆಸರಿನ ಅಕ್ಷರಗಳು ಹಿಂದಕ್ಕೆ ಬಂದವು, 'ಫ್ಯೂಚರ್' ಎಂಬ ಮಾತು ಹೊರಗೆ ಹೋಯಿತು. 'ಟುಮಾರೊ' ಎಂಬ ಶಬ್ದ ಹೆಸರಿನ ಕೊನೆಯ ಅಕ್ಷರದಲ್ಲಿದೆ, ಪಾರ್ಕಿನ ಒಳಗೆ ನಾಳೆಗೆಂದೇ ಇಟ್ಟ ಜಾಗ ಈಗ ಇಲ್ಲ. ಹಳೇ ಹೆಸರನ್ನು ತಂದದ್ದು ಪ್ರೀತಿಯಿಂದಲೇ ಎಂದು ನಾನು ನಂಬುತ್ತೇನೆ, ಅಲ್ಲಿ ಕೆಲಸ ಮಾಡುವ ಎಷ್ಟೋ ವಿನ್ಯಾಸಕರು ಎಪ್‌ಕಾಟ್ ಸೆಂಟರ್ ನೋಡಿ ಬೆಳೆದ ಮಕ್ಕಳು. ಹಳೇ ಲೋಗೋದ ಟೀಶರ್ಟು ಚೆನ್ನಾಗಿ ಮಾರಾಟವಾಗುತ್ತೆ ಎಂಬುದೂ ಕಾರಣ ಇದ್ದೀತು. ಆದರೆ ಆಗ ಜನರಿಗೆ ಕೊಟ್ಟ ಮಾತು ಮರಳಿ ಬಂದಿಲ್ಲ.

ಎಲ್ಲವೂ ಹೋಯಿತು ಅಂತ ನಾನು ಹೇಳುತ್ತಿಲ್ಲ. 2023ರಲ್ಲಿ ಬಂದ 'ಜರ್ನಿ ಆಫ್ ವಾಟರ್' ನೋಡಿ. ಡಿಸ್ನಿ ಸಿನಿಮಾದ ನಾಯಕಿ ಮೊವಾನಾ ಹೆಸರು ಇದೆ, ಆದರೆ ಒಳಗೆ ಇರುವುದು ನೀರಿನ ಕಥೆ, ಮಳೆಯಿಂದ ಸಮುದ್ರಕ್ಕೆ, ಸಮುದ್ರದಿಂದ ಮೋಡಕ್ಕೆ. ಮಕ್ಕಳು ಕೈ ಚಾಚಿದರೆ ನೀರು ಸ್ಪಂದಿಸುತ್ತೆ. ಸಿನಿಮಾದ ಪಾತ್ರವನ್ನೂ ಇಟ್ಟುಕೊಂಡು ಏನಾದರೂ ತಿಳಿಸಲೂಬಹುದು ಎನ್ನುವುದಕ್ಕೆ ಇದು ಸಾಕ್ಷಿ. ಇಂಥದ್ದು ಇನ್ನೂ ನಾಲ್ಕು ಬಂದರೆ ಹೆಸರಿನ ಬಗ್ಗೆ ನನ್ನ ತಕರಾರು ವಾಪಸ್ ತೆಗೆದುಕೊಳ್ಳುತ್ತೇನೆ.

ಪಾರ್ಕುಗಳ ಹೆಸರು ಬದಲಾಗುವುದೇ ಹೀಗಾ ಎಂದು ಕೇಳಿದರೆ, ಇಲ್ಲ, ಬಹಳ ಕಡೆ ಕಾರಣ ಸರಳ. ಪಕ್ಕದಲ್ಲೇ ಇರುವ ಹಾಲಿವುಡ್ ಸ್ಟುಡಿಯೋಸ್ 2008ರವರೆಗೆ ಡಿಸ್ನಿ-ಎಂಜಿಎಂ ಸ್ಟುಡಿಯೋಸ್ ಆಗಿತ್ತು, ಎಂಜಿಎಂ ಎಂಬ ಸಿನಿಮಾ ಕಂಪನಿಯ ಹೆಸರು ಬಳಸುವ ಒಪ್ಪಂದ ಮುಂದುವರಿಯಲಿಲ್ಲ, ಹೆಸರು ಹೋಯಿತು. ಪ್ಯಾರಿಸ್ ಹತ್ತಿರ 1992ರಲ್ಲಿ ಶುರುವಾದ ಯೂರೋ ಡಿಸ್ನಿ ನಷ್ಟದಲ್ಲಿ ಮುಳುಗಿ, 1994ರಲ್ಲಿ ಡಿಸ್ನಿಲ್ಯಾಂಡ್ ಪ್ಯಾರಿಸ್ ಆಯಿತು. 'ಯೂರೋ' ಅಂದರೆ ಅಮೆರಿಕದವರಿಗೆ ಸೊಗಸು, ಯುರೋಪಿನವರಿಗೆ ವ್ಯಾಪಾರ ವಹಿವಾಟು ಎಂದು ಆಗಿನ ಮುಖ್ಯಸ್ಥ ಮೈಕೆಲ್ ಐಸ್ನರ್ ಆಮೇಲೆ ವಿವರಣೆ ಕೊಟ್ಟರು. ಅಲ್ಲೆಲ್ಲ ಹೆಸರು ಬದಲಾದದ್ದು ವ್ಯವಹಾರಕ್ಕೆ, ಅದರ ಹಿಂದೆ ಯಾರೂ ಬಿಟ್ಟುಹೋದ ಕನಸು ಇರಲಿಲ್ಲ.

ಇನ್ನು ಮುಂದಿನ ಸಲ ಹೋಗುವಾಗ. ಹಳೇ ವಿಡಿಯೋ, ಹಳೇ ಮ್ಯಾಪ್ ನೋಡಿ ಪ್ಲಾನ್ ಮಾಡಿದರೆ 'ಫ್ಯೂಚರ್ ವರ್ಲ್ಡ್' ಹುಡುಕಬೇಡಿ, ಅದು ಈಗ ಮೂರು ಹೆಸರುಗಳಲ್ಲಿ ಹಂಚಿಹೋಗಿದೆ. ಗ್ರೀನ್‌ಹೌಸಿನ ದೋಣಿ ಸವಾರಿ ಈಗ 'ಲಿವಿಂಗ್ ವಿತ್ ದಿ ಲ್ಯಾಂಡ್' ಎಂಬ ಹೆಸರಲ್ಲಿದೆ, ವರ್ಲ್ಡ್ ನೇಚರ್ ಭಾಗದಲ್ಲಿ. ತಂದೆಯವರು ಮತ್ತೆ ಜೊತೆಗೆ ಬಂದರೆ ಅವರನ್ನು ಮ್ಯಾಜಿಕ್ ಕಿಂಗ್‌ಡಮ್‌ನ ಟುಮಾರೊಲ್ಯಾಂಡ್‌ನಲ್ಲಿರುವ ಪೀಪಲ್‌ಮೂವರ್ ಹತ್ತಿಸಿ. ಸಾಲು ಸಾಮಾನ್ಯವಾಗಿ ಬೇಗ ಸರಿಯುತ್ತೆ, ವಯಸ್ಸಾದವರಿಗೂ ಆರಾಮ. ದಾರಿಯಲ್ಲಿ ಒಂದು ಕತ್ತಲ ಭಾಗದಲ್ಲಿ ಗಾಜಿನ ಹಿಂದೆ ದೀಪ ಹೊತ್ತಿದ ಪುಟ್ಟ ನಗರದ ಮಾದರಿ ಬರುತ್ತೆ. ವಾಲ್ಟ್ ಕಾಲದ ಆ ಊರಿನ ಯೋಚನೆಯನ್ನು ತೋರಿಸಲು ಮಾಡಿದ 'ಪ್ರೋಗ್ರೆಸ್ ಸಿಟಿ' ಮಾದರಿಯ ಒಂದು ಭಾಗ ಅದು. 1967ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಇಟ್ಟಿದ್ದರು, ಆಮೇಲೆ ಇಲ್ಲಿಗೆ ತಂದರು. ಕೆಲವೇ ಕ್ಷಣ ಕಾಣುತ್ತೆ, ಮುಂಚೆಯೇ ಹೇಳಿಟ್ಟುಕೊಳ್ಳಿ, ಇಲ್ಲಾಂದ್ರೆ ಮಾತಾಡುತ್ತಾ ಕೂತರೆ ತಪ್ಪಿಹೋಗುತ್ತೆ. ಎಪ್‌ಕಾಟ್ ಒಳಗೆ ವರ್ಲ್ಡ್ ಸೆಲೆಬ್ರೇಶನ್‌ನಲ್ಲಿ ವಾಲ್ಟ್ ಕೂತಿರುವ ಪ್ರತಿಮೆಯೂ 2023ರ ಡಿಸೆಂಬರ್‌ನಿಂದ ಇದೆ. ಅದು ಗೋಳದ ಹಿಂಭಾಗದಲ್ಲಿದೆ, ಫೋಟೋ ತೆಗೆಸಿಕೊಳ್ಳುವುದಾದರೆ ಬೆಳಿಗ್ಗೆ ಬೇಗ ಹೋಗಿ, ಹೊತ್ತು ಏರಿದ ಹಾಗೆ ಅಲ್ಲಿ ಜನ ಜಾಸ್ತಿ.